ನೀಲಿ ಜಾಕೆಟ್ಟು ಕಂಡವರು

ಹಿರಾತೊಚಿ ಪಟ್ಟಣದಲ್ಲಿ ಕರಡಿ ಕಂಡವರೆಲ್ಲ ಮೊದಲು ಹೇಳುತ್ತಿದ್ದದ್ದು ಕಿಯೊಮಿಗೆ. ಪಟ್ಟಣ ಕಚೇರಿಯ ಕೃಷಿ ಮತ್ತು ಅರಣ್ಯ ವಿಭಾಗದಲ್ಲಿ ಅವಳ ಮೇಜು. ವಯಸ್ಸಾದವರು ಫೋನು ಮಾಡುತ್ತಿದ್ದರು, ಉಳಿದವರು ಪಟ್ಟಣದವರೇ ಮಾಡಿಸಿದ್ದ ಆ್ಯಪಿನಲ್ಲಿ ಎಲ್ಲಿ ಕಂಡೆವು, ಏನು ಕಂಡೆವು ಎಂದು ಬರೆದು ಕಳಿಸುತ್ತಿದ್ದರು. ಅದನ್ನು ನಂಬಬೇಕೋ ಬೇಡವೋ ಎಂದು ತೀರ್ಮಾನಿಸುವುದು ಅವಳ ಕೆಲಸ. ಅವಳು ನಂಬಿದರೆ ನಕ್ಷೆಯ ಮೇಲೆ ಕೆಂಪು ಚುಕ್ಕೆ ಬೀಳುತ್ತಿತ್ತು, ಕಂಬಗಳ ಮೇಲಿನ ಮೈಕುಗಳು ಊರಿಗೆಲ್ಲ ಕೂಗಿ ಹೇಳುತ್ತಿದ್ದವು, ಬೇಟೆಗಾರರ ಸಂಘದ ಮುದುಕರು ಬಂದೂಕು ಹೆಗಲಿಗೇರಿಸಿಕೊಂಡು ಹೊರಡುತ್ತಿದ್ದರು. ನಂಬದಿದ್ದರೆ ಏನೂ ಆಗುತ್ತಿರಲಿಲ್ಲ.

ಮೊದಮೊದಲು ಬಂದದ್ದನ್ನೆಲ್ಲ ಮೈಕಿನಲ್ಲಿ ಹೇಳಿಬಿಡುತ್ತಿದ್ದರು. ಕಪ್ಪು ನಾಯಿ, ಕಾಡುಮೇಕೆ, ಗೊಬ್ಬರದ ಗುಡ್ಡೆಗೆ ಹೊದಿಸಿದ ಪ್ಲಾಸ್ಟಿಕ್ ಹಾಳೆ, ಎಲ್ಲವೂ ಕರಡಿಯೇ. ಶಾಲೆಯ ಆಟೋಟದ ದಿನವನ್ನು ಎರಡು ಸಲ ಮುಂದಕ್ಕೆ ಹಾಕಬೇಕಾಯಿತು. ಬೇಟೆಗಾರರು ನೋಯುವ ಮೊಣಕಾಲು ಹಿಡಿದುಕೊಂಡು ಬಂದು ವಿಭಾಗದ ಮುಖ್ಯಸ್ಥ ಕಮಾದಾನ ಮುಂದೆ ಕೂತರು. ಕೊನೆಗೆ ಮೈಕು ಕೂಗಿದರೆ ಸಾಕು, ಕೇಳಿಸದಿರಲೆಂದು ಜನ ಕಿಟಕಿ ಮುಚ್ಚತೊಡಗಿದರು. ಆಗ ಕಮಾದಾ ಅವಳನ್ನು ಕರೆದು, ಹೆಸರಿಗೆ ಮರ್ಯಾದೆಯ ಸಾನ್ ಸೇರಿಸಿ, "ಇನ್ಮೇಲೆ ನೀವು ಸೋಸಿ ಕೊಡಿ, ಕಿಯೊಮಿ ಸಾನ್. ನಿಮಗೆ ಯಾರ ಮುಲಾಜೂ ಇಲ್ಲ, ಅದಕ್ಕೇ ಹೇಳ್ತಿದೀನಿ" ಎಂದ.

ಸೋಸುವುದನ್ನು ಅವಳಿಗೆ ಯಾರೂ ಕಲಿಸಲಿಲ್ಲ. ಕೇಳುತ್ತ ಕೇಳುತ್ತ ಬಂತು. ನಿಜವಾಗಿ ಕಂಡವರಿಗೆ ಗೊತ್ತಿಲ್ಲದ್ದು ಬಹಳ ಇರುತ್ತದೆ ಎಂಬುದು ಅವಳಿಗೆ ಮೊದಲು ಹೊಳೆದ ಸಂಗತಿ. ಎಷ್ಟು ದೊಡ್ಡದಿತ್ತು ಅಂದರೆ ಗೊತ್ತಾಗಲಿಲ್ಲ ಅನ್ನುತ್ತಾರೆ, ಎತ್ತ ಹೋಯಿತು ಅಂದರೆ ನಾನು ಓಡಿದೆ, ನೋಡಲಿಲ್ಲ ಅನ್ನುತ್ತಾರೆ. ಕಾಣದವರೇ ಎಲ್ಲವನ್ನೂ ಪೂರ್ತಿ ಹೇಳುವುದು. ಹಿಂದಿನಿಂದ ಕಂಡೆ ಎಂದವನು ಅದರ ಎದೆಯ ಮೇಲಿನ ಬಿಳಿ ಅರ್ಧಚಂದ್ರವನ್ನೂ ವರ್ಣಿಸಿದರೆ ಕಿಯೊಮಿ ವಂದನೆ ಹೇಳಿ ಫೋನಿಡುತ್ತಿದ್ದಳು. ಒಂದೇ ಬೀದಿಯಿಂದ ಮೂವರು ಹೇಳಿದರೆ ಮೂರು ಸಾಕ್ಷಿ ಸಿಕ್ಕಿತೆಂದು ಕಮಾದಾ ಹಿಗ್ಗುತ್ತಿದ್ದ. ಮೂವರೂ "ಫ್ರಿಜ್ಜು ಅಡ್ಡ ಮಲಗಿಸಿದ ಹಾಗಿತ್ತು" ಎಂದಿದ್ದರೆ ಅದು ಒಬ್ಬನ ಬಾಯಿಂದ ಇಬ್ಬರ ಕಿವಿಗೆ ಹೋದದ್ದು, ಸಾಕ್ಷಿ ಒಂದೇ ಎಂದು ಅವಳು ತಣ್ಣಗೆ ಹೇಳುತ್ತಿದ್ದಳು.

ಎಲ್ಲರಿಗೂ ಅವಳು ಕೇಳುತ್ತಿದ್ದ ಕೊನೆಯ ಪ್ರಶ್ನೆ ಒಂದೇ. "ಕಂಡಿದ್ದಾ, ಕಂಡ ಹಾಗೆ ಅನ್ಸಿದ್ದಾ?" ಕಚೇರಿಯಲ್ಲಿ ಇದು ತಮಾಷೆಯಾಗಿಹೋಗಿತ್ತು. ಮನೆಯಲ್ಲಿ ಅವಳ ಗಂಡ ತೊಕುಜಿಗೂ ತಮಾಷೆಯೇ. ಸಾರಿಗೆ ಉಪ್ಪು ಜಾಸ್ತಿ ಆಯಿತಾ ಎಂದು ಅವಳು ಕೇಳಿದರೆ, "ಆದ ಹಾಗೆ ಅನ್ಸತ್ತೆ" ಎನ್ನುತ್ತಿದ್ದ. ಅದನ್ನು ಬಿಟ್ಟರೆ ಅವನದು ಮಾತು ಕಡಿಮೆ. ಮರ ಕೊಯ್ಯುವ ಮಿಲ್ಲಿನಲ್ಲಿ ಮೂವತ್ತು ವರ್ಷ ದುಡಿದು, ಮಿಲ್ಲು ಮುಚ್ಚಿದ ಮೇಲೆ ಮನೆಯಲ್ಲಿದ್ದ. ಮಿಲ್ಲಿನವರು ಕೊಟ್ಟ ನೀಲಿ ಜಾಕೆಟ್ಟೊಂದು, ಬೆನ್ನ ಮೇಲೆ ಬಿಳಿ ಅಕ್ಷರಗಳಲ್ಲಿ ಮಿಲ್ಲಿನ ಹೆಸರಿದ್ದದ್ದು, ಅವನ ಮೈಮೇಲೆ ಸದಾ ಇರುತ್ತಿತ್ತು. ಊರಿನವರು ಅವನನ್ನು ದೂರದಿಂದ ಗುರುತು ಹಿಡಿಯುತ್ತಿದ್ದದ್ದೇ ಅದರಿಂದ. ಮಕ್ಕಳಿರಲಿಲ್ಲ. ಇಬ್ಬರೂ ಟೀವಿ ನೋಡುತ್ತ ಊಟ ಮಾಡಿ, ಪಾತ್ರೆ ತೊಳೆದು ಮಲಗುತ್ತಿದ್ದರು. ಜಗಳವಿಲ್ಲದ ಮನೆ.

ಜೂನ್ ತಿಂಗಳು ಕಳಲೆಯ ಕಾಲ. ಬೆಟ್ಟದ ಬಿದಿರುಮೆಳೆಗಳಲ್ಲಿ ಬೆರಳು ಗಾತ್ರದ ಎಳೆ ಕಳಲೆ ಏಳುತ್ತದೆ. ಅದಕ್ಕಾಗಿ ಮನುಷ್ಯರೂ ಹೋಗುತ್ತಾರೆ, ಕರಡಿಗಳೂ ಬರುತ್ತವೆ. ಆ ದಿನ ಬೆಳಿಗ್ಗೆ ಶಾಲೆಯ ಅಡುಗೆಮನೆಯ ಹಿಂದೆ ಕರಡಿ ಕಂಡಿತೆಂದು ಫೋನು ಬಂದು ಕಿಯೊಮಿ ಬೇಗ ಹೊರಟಳು. ತೊಕುಜಿ ಅಡುಗೆಮನೆಯಲ್ಲಿ ಅವಳಿಗೆ ಬೆನ್ನು ಮಾಡಿ ಕೂತು ಟೀ ಕುಡಿಯುತ್ತಿದ್ದ. "ಹೋಗಿ ಬರ್ತೀನಿ" ಎಂದಳು. "ಹೂಂ" ಎಂದ.

ಸಂಜೆ ಅವನು ಮನೆಯಲ್ಲಿರಲಿಲ್ಲ. ರಬ್ಬರ್ ಬೂಟು ಇರಲಿಲ್ಲ, ಬೆನ್ನಿಗೆ ಹಾಕುವ ಬುಟ್ಟಿ ಇರಲಿಲ್ಲ, ಕರಡಿಗೆ ಕೇಳಿಸಲೆಂದು ಸೊಂಟಕ್ಕೆ ಕಟ್ಟಿಕೊಳ್ಳುವ ಗಂಟೆ ಮೊಳೆಯ ಮೇಲಿರಲಿಲ್ಲ. ಮೊಬೈಲು ಮಾತ್ರ ಟೀವಿಯ ಪಕ್ಕದಲ್ಲೇ ಇತ್ತು. ಅವರ ಸಣ್ಣ ಟ್ರಕ್ಕು ರಿಪೇರಿಗೆ ಹೋಗಿದ್ದರಿಂದ ನಡೆದೇ ಹೋಗಿದ್ದಾನೆ ಎಂದಾಯಿತು. ಎತ್ತ ಹೋದ? ಸೇತುವೆ ದಾಟಿ ಪಡುವಣಕ್ಕೆ ಹೋದರೆ ಅಣೆಕಟ್ಟಿನ ಕಾಡು, ಮೂಡಣಕ್ಕೆ ಹೋದರೆ ನಾಬೆಕುರಾ ತೊರೆ. ಎರಡೂ ಕಡೆ ಅವನು ಹೋಗುವುದಿತ್ತು. ಕತ್ತಲಾಗುವವರೆಗೆ ಕಾದು ಅವಳು ಪೊಲೀಸ್ ಚೌಕಿಗೆ ಹೋದಳು.

"ಏನ್ ಹಾಕ್ಕೊಂಡಿದ್ರು?" ಪೊಲೀಸಿನವನು ಕೇಳಿದ.

"ನೀಲಿ ಜಾಕೆಟ್ಟು. ಬೆನ್ನ ಮೇಲೆ ಮಿಲ್ಲಿನ ಹೆಸರಿದೆ."

ಯೋಚನೆ ಮಾಡಿ ಹೇಳಿದ್ದಲ್ಲ. ಹೆಸರು ಕೇಳಿದರೆ ಹೆಸರು ಹೇಳುವಂತೆ ಹೇಳಿದಳು.

ಮರುದಿನ ಬೆಳಿಗ್ಗೆ ಮೈಕಿನಲ್ಲಿ ಓದಿದವಳೂ ಅವಳೇ. ಬೇರೆಯವರು ಓದುತ್ತಾರೆ ಎಂದು ಕಮಾದಾ ಹೇಳಿದ. ದಿನಾ ಓದುವ ದನಿಯಾದರೆ ಜನ ಕಿವಿಗೊಡುತ್ತಾರೆ ಎಂದು ಅವಳೇ ಕೂತಳು. ಹೆಸರು, ವಯಸ್ಸು, ಎತ್ತರ, ನೀಲಿ ಜಾಕೆಟ್ಟು, ಕಪ್ಪು ಬೂಟು, ಬುಟ್ಟಿ. ಕಂಡವರು ದಯವಿಟ್ಟು ತಿಳಿಸಿ. ಬೇರೆ ಯಾರದೋ ಗಂಡನ ವಿಷಯ ಓದಿದ ಹಾಗಿತ್ತು.

ಮೊದಲು ಫೋನು ಮಾಡಿದವನು ಗ್ಯಾಸ್ ಅಂಗಡಿಯ ಕೊಬಾತಾ. ತೂಗಿ ಅಳೆದು ಮಾತಾಡುವ ಮನುಷ್ಯ.

"ನಿನ್ನೆ ಬೆಳಿಗ್ಗೆ ಸೇತುವೆ ಮೇಲೆ ನೋಡ್ದೆ ಕಣ್ರೀ. ನೀಲಿ ಜಾಕೆಟ್ಟು, ಬೆನ್ನ ಮೇಲೆ ಮಿಲ್ಲಿನ ಹೆಸರು. ಪಡುವಣದ ಕಡೆ ನಡ್ಕೊಂಡು ಹೋಗ್ತಿದ್ರು."

"ಮುಖ ಕಾಣಿಸ್ತಾ?"

"ಇಲ್ಲ, ಹಿಂದಿನಿಂದ ಕಂಡದ್ದು. ಬುಟ್ಟಿ ಇತ್ತೋ ಏನೋ ನೆನಪಿಲ್ಲ. ಇದ್ದದ್ದು ಹೇಳಿದೀನಿ."

ಕಿಯೊಮಿಗೆ ಬೇಕಾದ ಸಾಕ್ಷಿ ಎಂದರೆ ಇಂಥದೇ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದಿದ್ದ. ಅಗ್ನಿಶಾಮಕ ದಳದ ಸ್ವಯಂಸೇವಕರೂ ಪೊಲೀಸರೂ ಸೇತುವೆ ದಾಟಿ ಅಣೆಕಟ್ಟಿನ ಕಾಡಿಗೆ ನುಗ್ಗಿದರು. ಅವರ ಗಾಡಿಗಳು ಆ ಕಡೆ ಹೋಗುವುದನ್ನು ಊರೆಲ್ಲ ನೋಡಿತು. ಅದಾದ ಮೇಲೆ ಸುದ್ದಿಗಳು ಒಂದರ ಮೇಲೊಂದು ಬಂದವು. ಅಣೆಕಟ್ಟಿನ ಕಟ್ಟೆಯ ಮೇಲೆ ನೀಲಿ ಜಾಕೆಟ್ಟು. ಬಿಸಿನೀರಿನ ಸ್ನಾನಗೃಹದ ಮುಂದೆ ಬೆಂಚಿನ ಮೇಲೆ ನೀಲಿ ಜಾಕೆಟ್ಟು, ಸುಸ್ತಾದ ಹಾಗಿತ್ತು. ಹೆದ್ದಾರಿಯ ಅಂಗಡಿಯಲ್ಲಿ ನೀಲಿ ಜಾಕೆಟ್ಟು, ಅನ್ನದ ಉಂಡೆ ಕೊಂಡರು. ಎಲ್ಲವೂ ಪಡುವಣದ ಕಡೆಯವೇ. ಕೆಲವನ್ನು ಅವಳು ಸೋಸಿ ತೆಗೆದಳು, ಕೆಲವನ್ನು ಉಳಿಸಿದಳು. ಒಂದೊಂದನ್ನೂ ನಕ್ಷೆಯ ಮೇಲಿಟ್ಟಾಗ ಸೇತುವೆಯಿಂದ ಒಂದು ದಾರಿ ಹಾಗೇ ಮೂಡಿಕೊಂಡು ಹೋಗುತ್ತಿತ್ತು.

ಮಧ್ಯಾಹ್ನ ಕ್ಷೌರದಂಗಡಿಯ ನೊಬುಕೊ ಫೋನು ಮಾಡಿದಳು. ಕಿಯೊಮಿಗಿಂತ ಹತ್ತು ವರ್ಷ ದೊಡ್ಡವಳು. ಹಿಂದೆ ಮೂರು ಸಲ ಕರಡಿ ಕಂಡೆನೆಂದು ಹೇಳಿ, ಒಂದು ಪ್ಲಾಸ್ಟಿಕ್ ಹಾಳೆಯೂ ಒಂದು ಕಾಡುಮೇಕೆಯೂ ಒಂದು ಮೋರಿ ಪೈಪೂ ಆಗಿ, ಕಚೇರಿಯಲ್ಲಿ ತಪ್ಪು ಸುದ್ದಿ ಬಂದಾಗಲೆಲ್ಲ "ನೊಬುಕೊಳ ಕನ್ನಡಕ ಹಾಕ್ಕೊಂಡಿದಾರೆ" ಎಂದು ನಗುವಂತಾಗಿತ್ತು.

"ಕಿಯೊಮಿ, ನಾನು. ನಗಬೇಡ."

"ಹೇಳಿ, ನೊಬುಕೊ ಸಾನ್."

"ನಿನ್ನೆ ಬೆಳಿಗ್ಗೆ ಅಂಗಡಿಗೆ ಬರ್ತಾ ನಾಬೆಕುರಾ ತೊರೆ ತಿರುವಿನಲ್ಲಿ ತೊಕುಜಿ ಸಾನ್ ನಿಂತಿದ್ರು. ತಿರುವು ಅಂತ ಗಾಡಿ ನಿಧಾನ ಮಾಡಿದ್ದೆ. ಬೆನ್ನಿಗೆ ಬುಟ್ಟಿ ಇತ್ತು. ಗುಡ್ಡ ನೋಡ್ತಿದ್ರು."

"ಏನ್ ಹಾಕ್ಕೊಂಡಿದ್ರು?"

"ಸಾಸಿವೆ ಬಣ್ಣದ್ದು ಏನೋ. ಕೈಯಿಲ್ಲದ ಸ್ವೆಟರ್ ಥರ."

"ನೀಲಿ ಜಾಕೆಟ್ ಅಲ್ವಾ?"

"ಮೈಕಲ್ಲಿ ನೀನು ನೀಲಿ ಅಂದಿದ್ದು ಕೇಳಿಸ್ಕೊಂಡೆ. ನಂಗೆ ಕಂಡದ್ದು ನೀಲಿ ಅಲ್ಲ."

"ಮುಖ ಕಾಣಿಸ್ತಾ?"

"ಇಲ್ಲ."

"ಹಾಗಾದ್ರೆ ಕಂಡಿದ್ದಾ, ಕಂಡ ಹಾಗೆ ಅನ್ಸಿದ್ದಾ?"

"ಹೀಗೆ ಕೇಳಿದ್ರೆ ಏನ್ ಹೇಳ್ಲಿ. ಬೇರೆ ಯಾರೋ ಇರಬೇಕು, ಬಿಡು. ಹೆಂಡ್ತಿಗಿಂತ ನಂಗೆ ಜಾಸ್ತಿ ಗೊತ್ತಿರುತ್ತಾ?"

ಕಿಯೊಮಿ ಆ ಸುದ್ದಿಯ ಮುಂದೆ "ಹೊಂದುವುದಿಲ್ಲ" ಎಂದು ಬರೆದು ಮುಂದಿನ ಫೋನು ತೆಗೆದುಕೊಂಡಳು.

ಆ ದಿನ ಪಡುವಣದ ಕಾಡಿನಲ್ಲಿ ಏನೂ ಸಿಗಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಜಿಲ್ಲಾ ಕೇಂದ್ರದಿಂದ ವಾಸನೆ ಹಿಡಿಯುವ ನಾಯಿ ಬಂತು. ಅದನ್ನು ಕರೆತಂದವನು, "ಅವ್ರು ಉಟ್ಟು ಬಿಟ್ಟ ಬಟ್ಟೆ ಏನಾದ್ರೂ ತರ್ತೀರಾ? ಒಗೆದದ್ದು ಬೇಡ" ಎಂದ. ಕಿಯೊಮಿ ಮನೆಗೆ ಹೋದಳು.

ಮೈಲಿಗೆ ಬಟ್ಟೆಯ ಬುಟ್ಟಿ ಖಾಲಿ ಇತ್ತು. ಕರಡಿ ಗಲಾಟೆಯ ಹಿಂದಿನ ರಾತ್ರಿ ತಾನೇ ಎಲ್ಲವನ್ನೂ ಮೆಷಿನ್ನಿಗೆ ಹಾಕಿದ್ದು ನೆನಪಾಯಿತು. ಬೆಳಿಗ್ಗೆ ಒಣಗಲು ಹಾಕಬೇಕಿತ್ತು, ಶಾಲೆಗೆ ಓಡಿದ್ದಳು. ಮುಚ್ಚಳ ತೆಗೆದಳು. ಮುಗ್ಗು ವಾಸನೆ ಬಂತು. ಅವಳ ಎರಡು ಶರ್ಟು, ಟವೆಲುಗಳು, ಅವುಗಳ ಕೆಳಗೆ ತೊಟ್ಟಿಯ ಗೋಡೆಗೆ ಅಂಟಿಕೊಂಡು ನೀಲಿ ಜಾಕೆಟ್ಟು. ಎಳೆದು ತೆಗೆದು ನೋಡಿದಳು. ಬೆನ್ನ ಮೇಲೆ ಮಿಲ್ಲಿನ ಹೆಸರಿತ್ತು.

ಅಲ್ಲೇ ಬಚ್ಚಲಿನ ಹೊಸ್ತಿಲ ಮೇಲೆ ಕೂತಳು. ಅಳು ಬರಲಿಲ್ಲ. ತಲೆ ಮಾತ್ರ ದಿನದ ಕೆಲಸ ಮಾಡುವಂತೆ ತನ್ನಷ್ಟಕ್ಕೆ ಕೆಲಸ ಮಾಡಿತು. ಫೋನು ತೆಗೆದು ಬಂದ ಸುದ್ದಿಗಳನ್ನು ಒಂದೊಂದಾಗಿ ನೋಡಿದಳು. ಅಣೆಕಟ್ಟು, ನೀಲಿ. ಸ್ನಾನಗೃಹ, ನೀಲಿ. ಅಂಗಡಿ, ನೀಲಿ. ಒಬ್ಬರೂ ಅವನನ್ನು ಕಂಡಿರಲಿಲ್ಲ. ಅವಳು ಮೈಕಿನಲ್ಲಿ ಹೇಳಿಕೊಟ್ಟದ್ದನ್ನು ಊರು ಅವಳಿಗೇ ತಿರುಗಿ ಒಪ್ಪಿಸಿತ್ತು. ನೀಲಿಯನ್ನೆಲ್ಲ ತೆಗೆದ ಮೇಲೆ ಉಳಿದದ್ದು ಒಂದೇ, ಅವಳು "ಹೊಂದುವುದಿಲ್ಲ" ಎಂದು ಬರೆದದ್ದು.

ಅವನ ತಲೆದಿಂಬಿನ ಚೀಲ ಬಿಚ್ಚಿ ನಾಯಿಯವನಿಗೆ ಕೊಟ್ಟು, "ಇಲ್ಲೇ ಇರಿ, ಪಡುವಣಕ್ಕೆ ಹೋಗಬೇಡಿ, ಈಗ ಬಂದೆ" ಎಂದು ಹೇಳಿ ನೇರ ಕ್ಷೌರದಂಗಡಿಗೆ ಹೋದಳು. ಗಿರಾಕಿ ಇರಲಿಲ್ಲ. ನೊಬುಕೊ ಬಿಸಿ ಟವೆಲು ಮಡಿಸುತ್ತಿದ್ದಳು.

"ಮೊನ್ನೆ ತೊರೆ ಹತ್ರ ಕಂಡಿದ್ದು, ಇನ್ನೊಂದ್ಸಲ ಹೇಳಿ."

"ಜಾಕೆಟ್ಟು ನೀಲಿ ಅಂತ ನೀನೇ ಹೇಳಿದ್ಯಲ್ಲ."

"ನಾನು ಹೇಳಿದ್ದು ಬಿಡಿ. ಸ್ವೆಟರಿಗೆ ಗುಂಡಿ ಇತ್ತಾ?"

"ಗೊತ್ತಿಲ್ಲಮ್ಮ. ಹಿಂದಿನಿಂದ ನೋಡಿದ್ದು."

"ಹಿಂದಿನಿಂದ ನೋಡಿ ತೊಕುಜಿ ಅಂತ ಹೇಗೆ ಅನ್ಸಿತು?"

"ಕತ್ತು" ಎಂದಳು ನೊಬುಕೊ, ಇದನ್ನೂ ಕೇಳಬೇಕೇ ಎಂಬಂತೆ. "ಆ ಕತ್ತಿನ ಎಡಗಡೆ ಕೂದಲು ಕೆಳಗಿಂದ ಮೇಲಕ್ಕೆ ಸುಳಿ ಸುತ್ತುತ್ತೆ. ಎಷ್ಟು ಕತ್ತರಿಸಿದ್ರೂ ನಿಂತ್ಕೊಳ್ಳತ್ತೆ. ಮಿಲ್ಲಿಗೆ ಸೇರಿದ ವರ್ಷದಿಂದ ನಾನೇ ಕತ್ತರಿಸ್ತಿರೋದು. ಅವ್ರ ಮುಖಕ್ಕಿಂತ ಆ ಕತ್ತು ನಂಗೆ ಚೆನ್ನಾಗಿ ಗೊತ್ತು."

"ಫೋನಲ್ಲಿ ಯಾಕೆ ಹೇಳ್ಲಿಲ್ಲ?"

"ನೀನು ಕತ್ತು ಕೇಳ್ಲಿಲ್ಲ. ಮುಖ ಕೇಳಿದೆ."

ಕಿಯೊಮಿ ತಲೆಯಾಡಿಸಿದಳು. ಸಾಸಿವೆ ಬಣ್ಣದ ಕೈಯಿಲ್ಲದ ಸ್ವೆಟರು ಯಾವುದೆಂದು ಆಗ ಅವಳಿಗೆ ಹೊಳೆಯಿತು. ಮದುವೆಯಾದ ಹೊಸದರಲ್ಲಿ ಅವಳೇ ಹೆಣೆದದ್ದು. ಅದು ಇನ್ನೂ ಮನೆಯಲ್ಲಿದೆ ಎಂಬುದೇ ಮರೆತುಹೋಗಿತ್ತು. ಜಾಕೆಟ್ಟು ಸಿಗದೆ ಕಪಾಟಿನಲ್ಲಿ ಹುಡುಕಿ ಹಾಕಿಕೊಂಡಿರಬೇಕು. ಆ ಮುಂಜಾನೆ ಅದನ್ನು ತೊಟ್ಟುಕೊಂಡೇ ಅವಳಿಗೆ ಬೆನ್ನು ಮಾಡಿ ಟೀ ಕುಡಿಯುತ್ತಿದ್ದನೋ, ಅವಳು ಹೋದ ಮೇಲೆ ಹಾಕಿಕೊಂಡನೋ, ಅದನ್ನು ಹೇಳಲು ಅವಳಿಗೆ ಬರುವಂತಿರಲಿಲ್ಲ. ಅವಳು ನೋಡಿರಲಿಲ್ಲ.

ಎಲ್ಲರೂ ನಾಬೆಕುರಾ ತೊರೆಯ ಕಡೆ ಹೊರಟರು. ನಾಯಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ತೊರೆಯ ಮೇಲ್ಗಡೆ, ಬಿದಿರುಮೆಳೆ ಮುಗಿದು ನೆಲ ಜಾರುವಲ್ಲಿ, ಇಳಿಜಾರಿನ ಬುಡದಲ್ಲಿ ತೊಕುಜಿ ಇದ್ದ. ಉಸಿರಿರಲಿಲ್ಲ. ಕರಡಿ ಮುಟ್ಟಿರಲಿಲ್ಲ. ಜಾರಿ ಬಿದ್ದು ತೊಡೆಯ ಮೂಳೆ ಮುರಿದಿತ್ತು. ಕಳಲೆ ಚೆಲ್ಲದೆ ಬುಟ್ಟಿಯನ್ನು ಪಕ್ಕದಲ್ಲಿ ನೆಟ್ಟಗೆ ಇಟ್ಟುಕೊಂಡಿದ್ದ. ಗಂಟೆ ಸೊಂಟದಲ್ಲಿರಲಿಲ್ಲ, ಬಾರಿಸಲೆಂದು ಬಿಚ್ಚಿ ಕೈಯಲ್ಲಿ ಹಿಡಿದಿದ್ದ. ಸ್ವಯಂಸೇವಕನೊಬ್ಬ ಅದನ್ನು ಹೇಳುತ್ತಿದ್ದವನು ಕಿಯೊಮಿ ಹತ್ತಿರ ನಿಂತಿರುವುದು ಕಂಡು ಮಾತು ನಿಲ್ಲಿಸಿದ.

ಆಸ್ಪತ್ರೆಯ ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನವನು. ಅವಳನ್ನು ಕೂರಿಸಿ, ಕಾಗದಗಳನ್ನು ನೋಡಿ, "ಜೀವ ಯಾವಾಗ ಹೋಯ್ತು ಅನ್ನೋದನ್ನ ಒಂದು ಅಂದಾಜಿನಲ್ಲಿ ಹೇಳಬಹುದು. ನೀವು ಕೇಳೋದಾದ್ರೆ ವಿವರವಾಗಿ ಹೇಳ್ತೀನಿ" ಎಂದ.

"ಬೇಡ" ಎಂದಳು ಕಿಯೊಮಿ.

ಡಾಕ್ಟರು ತಲೆಬಾಗಿದ. ಅವಳೂ ತಲೆಬಾಗಿ ಹೊರಗೆ ಬಂದಳು. ನೊಬುಕೊ ಫೋನು ಮಾಡಿದ ಹೊತ್ತಿಗೆ ಅವನಿಗೆ ಜೀವವಿತ್ತೇ ಎಂಬ ಪ್ರಶ್ನೆಯನ್ನು ಮುಂದೆಯೂ ಯಾರಿಗೂ ಕೇಳಲಿಲ್ಲ.

ಅಂತ್ಯಕ್ರಿಯೆಗೆ ಊರೆಲ್ಲ ಬಂತು. ಕೊಬಾತಾ ಎಲ್ಲರೂ ಹೋದ ಮೇಲೆ ಬಂದು ಚಾಪೆಗೆ ಹಣೆ ಮುಟ್ಟಿಸಿ ಎದ್ದೇಳಲಿಲ್ಲ.

"ನಾನು ಸುಳ್ಳು ಹೇಳ್ಲಿಲ್ಲ, ಕಿಯೊಮಿ ಸಾನ್."

"ಗೊತ್ತು. ನೀವು ಕಂಡದ್ದು ನಿಜ. ಜಾಕೆಟ್ಟು ನೀಲಿನೇ."

ಅದು ನಿಜವೂ ಆಗಿತ್ತು. ಅದೇ ಮಿಲ್ಲಿನಲ್ಲಿದ್ದ ಇವಾಓ ಎಂಬ ಮುದುಕ ಆ ದಿನ ಅಂಥದೇ ಜಾಕೆಟ್ಟು ತೊಟ್ಟು ಮೀನು ಹಿಡಿಯಲು ಸೇತುವೆ ದಾಟಿದ್ದ. ಮೈಕಿನಲ್ಲಿ ಹೇಳಿದ್ದನ್ನು ಅವನೂ ಕೇಳಿಸಿಕೊಂಡಿದ್ದ, ಅದು ತನ್ನನ್ನು ಕುರಿತದ್ದೂ ಆಗಬಹುದೆಂದು ಅವನಿಗೆ ಯಾಕೆ ಹೊಳೆಯಬೇಕು? ಕೊಬಾತಾ ಬಿಕ್ಕಿ ಬಿಕ್ಕಿ ಅತ್ತ. ಕಿಯೊಮಿ ಅವನಿಗೆ ಟೀ ಬಗ್ಗಿಸಿ ಕೊಟ್ಟಳು.

ಉಳಿದವರು ಅಂಗಡಿಯಲ್ಲಿ, ಬೀದಿಯಲ್ಲಿ ಎದುರಾಗುತ್ತಿದ್ದರು. ಮೂಲಂಗಿ ಉಪ್ಪಿನಕಾಯಿ, ಅಕ್ಕಿ ಬಿಸ್ಕತ್ತು ತಂದು ಬಾಗಿಲಲ್ಲಿಟ್ಟು ಹೋಗುತ್ತಿದ್ದರು. ಅವಳಿಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಸಿಟ್ಟು ಬಂದಿದ್ದರೆ ಚೆನ್ನಾಗಿತ್ತು ಎಂದು ಒಂದೊಂದು ಸಲ ಅನ್ನಿಸುತ್ತಿತ್ತು. ಸ್ನಾನಗೃಹದ ಟಿಕೆಟು ಕೊಡುವ ಹೆಂಗಸು ಒಂದು ದಿನ ಅವಳ ಕೈ ಹಿಡಿದುಕೊಂಡು, "ಆ ಬೆಂಚಿನ ಮೇಲೆ ಕೂತಿದ್ದು ಈಗ್ಲೂ ಕಣ್ಣಿಗೆ ಕಟ್ಟಿದ ಹಾಗಿದೆ ಕಣಮ್ಮ. ಅವ್ರೇ ಅಲ್ಲ ಅಂತ ಹೇಗೆ ನಂಬ್ಲಿ?" ಎಂದಳು.

"ಹೌದು" ಎಂದಳು ಕಿಯೊಮಿ.

ಅವಳ ಕಣ್ಣಿಗೂ ಕಟ್ಟಿತ್ತು. ಅಡುಗೆಮನೆಯ ಮೇಜು, ಟೀಯ ಹಬೆ, ಕೂತಿರುವ ತೊಕುಜಿಯ ಬೆನ್ನು, ಬೆನ್ನ ಮೇಲೆ ಬಿಳಿ ಅಕ್ಷರಗಳು. ಒದ್ದೆ ಜಾಕೆಟ್ಟನ್ನು ಕೈಯಾರೆ ಹಿಡಿದು ನೋಡಿದ ಮೇಲೂ ಆ ಚಿತ್ರದಲ್ಲಿ ನೀಲಿ ನೀಲಿಯಾಗಿಯೇ ಇತ್ತು. ಎಷ್ಟು ಪ್ರಯತ್ನಪಟ್ಟರೂ ಅದಕ್ಕೆ ಸಾಸಿವೆ ಬಣ್ಣ ಬರಲಿಲ್ಲ.

ಒಂದು ವಾರ ಕಳೆದು ಅವಳು ಕೆಲಸಕ್ಕೆ ಹೋದಳು. ತೆರಿಗೆ ವಿಭಾಗಕ್ಕೆ ಕಳಿಸುತ್ತೇನೆ, ಅಲ್ಲಿ ಫೋನು ಕಡಿಮೆ ಎಂದು ಕಮಾದಾ ಹೇಳಿದ. ಬೇಡ ಎಂದಳು. ಮನೆಯಲ್ಲಿ ಸಂಜೆ ಒಬ್ಬಳಿಗೆ ಅನ್ನ ಮಾಡುತ್ತಿದ್ದಳು, ಟೀವಿ ಹಾಕುತ್ತಿದ್ದಳು, ಮುಗಿದ ಮೇಲೆ ಆರಿಸುತ್ತಿದ್ದಳು. ಏನು ಕಾರ್ಯಕ್ರಮ ಬಂತೆಂದು ಮರುದಿನ ಯಾರಾದರೂ ಕೇಳಿದರೆ ಹೇಳಲು ಬರುತ್ತಿರಲಿಲ್ಲ.

ಕೆಲಸದಲ್ಲಿ ಒಂದು ಮಾತ್ರ ಬದಲಾಯಿತು. ಯಾರಾದರೂ ಕಾಣೆಯಾದರೆ ಮೈಕಿನಲ್ಲಿ ಬಟ್ಟೆಯ ವಿಷಯ ಹೇಳುವುದನ್ನು ಅವಳು ನಿಲ್ಲಿಸಿದಳು. ಕಮಾದಾ ಒಪ್ಪಲಿಲ್ಲ.

"ಬಣ್ಣ ಹೇಳ್ದಿದ್ರೆ ಜನ ಹೇಗೆ ಗುರುತು ಹಿಡಿತಾರೆ?"

"ಬಣ್ಣ ಅವ್ರು ಹೇಳ್ಲಿ. ನಾವು ಹೇಳ್ಕೊಡೋದು ಬೇಡ."

"ಫೋನು ಕಡಿಮೆಯಾಗತ್ತೆ."

"ಆಗ್ಲಿ."

ಪೊಲೀಸರು ಕೂಡ ಗೊಣಗಿದರು, ಆಮೇಲೆ ಸುಮ್ಮನಾದರು. ಶರತ್ಕಾಲದಲ್ಲಿ ವೃದ್ಧಾಶ್ರಮದಿಂದ ಅಜ್ಜಿಯೊಬ್ಬಳು ಎದ್ದು ಹೋದಳು. ಮೈಕು ಕೂಗಿದ ಮೇಲೆ ಬಂದ ಫೋನು ಬೆರಳೆಣಿಕೆಯಷ್ಟು. ಅದರಲ್ಲಿ ಒಬ್ಬ, ಅಜ್ಜಿಯ ಕಾಲಲ್ಲಿ ಒಂದು ಚಪ್ಪಲಿ ಹಸಿರು, ಇನ್ನೊಂದು ಕಂದು ಇತ್ತು, ಅದು ಸರಿಯಿರಲಾರದು, ನಂಗೇ ಕಣ್ಣು ಸರಿಯಿಲ್ಲವೋ ಏನೋ ಎಂದು ಸಂಕೋಚದಿಂದ ಹೇಳಿದ. ಎಲ್ಲಿ ಕಂಡದ್ದು ಎಂದಷ್ಟೇ ಕಿಯೊಮಿ ಕೇಳಿದಳು. ಅಜ್ಜಿ ಸಿಕ್ಕಿದಳು, ಗುಡಿಯ ಹಿಂದೆ ಬಿಸಿಲಿಗೆ ಕೂತಿದ್ದಳು. ಕಮಾದಾ ಎಲ್ಲರ ಮುಂದೆ ಕಿಯೊಮಿಯನ್ನು ಹೊಗಳಿದ. ಚಪ್ಪಾಳೆ ತಟ್ಟಿದರು. ಅವಳು ತಲೆಬಾಗಿ, ಆರಿಹೋಗಿದ್ದ ಟೀ ಕುಡಿದಳು.

ಡಿಸೆಂಬರಿನಲ್ಲಿ ಕರಡಿಗಳು ಮಲಗಿದವು. ನಕ್ಷೆಯ ಮೇಲೆ ಚುಕ್ಕೆ ಬೀಳುವುದು ನಿಂತಿತು. ಚಳಿಗಾಲದಲ್ಲಿ ಆ ಮೇಜಿಗೆ ಬರುವುದು ಹಿಮದ ದೂರುಗಳು. ಒಂದು ಬೆಳಿಗ್ಗೆ, ಆ ದಿನ ನೀಲಿ ಜಾಕೆಟ್ಟಿನಲ್ಲಿ ಸೇತುವೆ ದಾಟಿದ್ದ ಇವಾಓ ಫೋನು ಮಾಡಿದ. ತನ್ನ ದನಿಯನ್ನು ಅವಳು ಗುರುತಿಸಿದರೆ ಏನು ಮಾಡುವುದೆಂದು ಅಂಜುತ್ತಿದ್ದವನಂತೆ ಮೆಲ್ಲಗೆ ಮಾತಾಡಿದ.

"ಹಿಮ ತಳ್ಳೋ ಗಾಡಿ ಎಲ್ಲಾನೂ ನಮ್ಮ ಬಾಗಿಲಿಗೇ ಒತ್ತಿ ಹೋಗಿದೆ ಕಣ್ರೀ. ಹೊರಗೆ ಬರೋಕಾಗ್ತಿಲ್ಲ."

"ಆಗ್ಲಿ, ಕಳಿಸ್ತೀನಿ."

"ಏನೂ ಕೇಳಲ್ವಾ?"

"ಒಳಗೆ ಸೀಮೆಎಣ್ಣೆ ಇದೆಯಾ, ಒಲೆಗೆ?"

"ಇದೆ."

"ಹಾಗಾದ್ರೆ ಬೆಚ್ಚಗಿರಿ. ಅರ್ಧ ಗಂಟೆಯಲ್ಲಿ ಬರ್ತಾರೆ" ಎಂದು ಅವಳು ಫೋನಿಟ್ಟು, ಗಾಡಿಯವನ ನಂಬರು ಒತ್ತಿದಳು.